ಅಮೆರಿಕದ ಕೌಂಟಿ ಕಚೇರಿಯಲ್ಲಿ ವಿವಾಹ ಪರವಾನಗಿ ಪಡೆಯುವ ಮತ್ತು ವಿವಾಹ ದಾಖಲೆ ಹುಡುಕುವ ಬಗೆ

ಅಮೆರಿಕದಲ್ಲಿ ಪಾಸ್‌ಪೋರ್ಟ್, ವೀಸಾ, ಸೋಷಿಯಲ್ ಸೆಕ್ಯುರಿಟಿ ಎಲ್ಲವೂ ಒಕ್ಕೂಟ ಸರ್ಕಾರದ ಕೈಯಲ್ಲಿರುವುದರಿಂದ, ಮದುವೆಯ ದಾಖಲೆಯೂ ವಾಷಿಂಗ್ಟನ್ನಿನ ಯಾವುದೋ ಒಂದು ಕಚೇರಿಯಲ್ಲಿ ಸಿಗುತ್ತದೆ ಎಂದು ಅನೇಕರು ಭಾವಿಸುತ್ತಾರೆ. ಹಾಗೆ ಸಿಗುವುದಿಲ್ಲ. ಅಲ್ಲಿ ಮದುವೆ ರಾಜ್ಯಗಳ ಕಾನೂನಿಗೆ ಒಳಪಟ್ಟ ವಿಷಯ. ಇಡೀ ದೇಶಕ್ಕೆಂದು ಒಂದು ವಿವಾಹ ನೋಂದಣಿ ಪುಸ್ತಕವಿಲ್ಲ. ನಿಯಮಗಳನ್ನು ರಾಜ್ಯ ಮಾಡುತ್ತದೆ. ಪರವಾನಗಿ ಕೊಡುವ ಮತ್ತು ದಾಖಲೆಯನ್ನು ಕಾಪಾಡುವ ಕೆಲಸವನ್ನು ಬಹುಪಾಲು ಕಡೆ ಕೌಂಟಿ, ಅಂದರೆ ರಾಜ್ಯದೊಳಗಿನ ನಮ್ಮ ಜಿಲ್ಲೆಯಂಥ ಆಡಳಿತ ಘಟಕ, ಮಾಡುತ್ತದೆ. ಕೌಂಟಿಗಳ ಸಂಖ್ಯೆ ಮೂರು ಸಾವಿರವನ್ನು ಮೀರುವುದರಿಂದ, ಹೊಸದಾಗಿ ಅರ್ಜಿ ಹಾಕುವವರಾಗಲಿ ಹಳೆಯ ದಾಖಲೆ ಹುಡುಕುವವರಾಗಲಿ ಮೊದಲು ಬಿಡಿಸಿಕೊಳ್ಳಬೇಕಾದ ಪ್ರಶ್ನೆ ಒಂದೇ: ಪರವಾನಗಿ ಕೊಡುವ, ಅಥವಾ ಹಿಂದೆ ಕೊಟ್ಟ, ಕಚೇರಿ ಯಾವುದು? ದಂಪತಿ ವಾಸವಿದ್ದ ಊರೂ ಮದುವೆ ನಡೆದ ಊರೂ ಈ ಪ್ರಶ್ನೆಗೆ ಉತ್ತರವಾಗದೆ ಇರಬಹುದು. ಕ್ಯಾಲಿಫೋರ್ನಿಯಾದ ಅಲಮೀಡಾ ಕೌಂಟಿಯಲ್ಲಿ ಪರವಾನಗಿ ಪಡೆದು ನಾಪಾ ಕೌಂಟಿಯಲ್ಲಿ ಮದುವೆಯಾದವರ ದಾಖಲೆ ಅಲಮೀಡಾದಲ್ಲಿರುತ್ತದೆಯೇ ಹೊರತು ನಾಪಾದಲ್ಲಿ ಅಲ್ಲ.

ಕಚೇರಿಯ ಹೆಸರು ರಾಜ್ಯದಿಂದ ರಾಜ್ಯಕ್ಕೆ ಬದಲಾಗುತ್ತದೆ ಎಂಬುದನ್ನೂ ಮೊದಲೇ ತಿಳಿದಿದ್ದರೆ ಹುಡುಕಾಟ ಸುಲಭ. ಟೆಕ್ಸಸ್, ಇಲಿನಾಯ್, ಮಿಶಿಗನ್‌ಗಳಲ್ಲಿ ಅದು ಕೌಂಟಿ ಕ್ಲರ್ಕ್ ಕಚೇರಿ. ವರ್ಜೀನಿಯಾ, ಮೇರಿಲ್ಯಾಂಡ್, ಫ್ಲಾರಿಡಾಗಳಲ್ಲಿ ಸರ್ಕಿಟ್ ಕೋರ್ಟಿನ ಕ್ಲರ್ಕ್. ಜಾರ್ಜಿಯಾ ಮತ್ತು ಒಹಾಯೋದಲ್ಲಿ ಪ್ರೊಬೇಟ್ ಕೋರ್ಟ್, ಅಂದರೆ ಉಯಿಲು ಮತ್ತು ವಾರಸುದಾರಿಕೆಯ ವಿಷಯಗಳನ್ನು ನೋಡುವ ನ್ಯಾಯಾಲಯ. ಉತ್ತರ ಕೆರೊಲಿನಾದಲ್ಲಿ ರಿಜಿಸ್ಟರ್ ಆಫ್ ಡೀಡ್ಸ್, ಅಂದರೆ ಜಮೀನಿನ ಪತ್ರಗಳನ್ನು ನೋಂದಾಯಿಸುವ ಕಚೇರಿಯೇ. ವಾಷಿಂಗ್ಟನ್ ರಾಜ್ಯದಲ್ಲಿ ಕೌಂಟಿ ಆಡಿಟರ್ ಈ ಕೆಲಸ ಮಾಡುತ್ತಾರೆ. ಲೂಯಿಸಿಯಾನಾದಲ್ಲಿ ಕೌಂಟಿಯ ಬದಲು ‘ಪ್ಯಾರಿಶ್’ ಇದೆ. ನ್ಯೂಯಾರ್ಕ್ ರಾಜ್ಯದಲ್ಲಿ ಪರವಾನಗಿ ಕೊಡುವುದು ಕೌಂಟಿಯೇ ಅಲ್ಲ, ಪಟ್ಟಣದ ಅಥವಾ ನಗರದ ಕ್ಲರ್ಕ್. ಮ್ಯಾಸಚೂಸೆಟ್ಸ್, ಕನೆಕ್ಟಿಕಟ್ ಮೊದಲಾದ ನ್ಯೂ ಇಂಗ್ಲೆಂಡ್ ರಾಜ್ಯಗಳಲ್ಲೂ ಹಾಗೆಯೇ. ಹೀಗಾಗಿ ಅಲ್ಲಿ ಕೌಂಟಿ ಕಚೇರಿಗೆ ಹೋಗಿ ನಿಂತರೆ ಬರಿಗೈಯಲ್ಲಿ ಮರಳಬೇಕಾಗುತ್ತದೆ.

ಸರಿಯಾದ ಕಚೇರಿಯ ಜಾಲತಾಣವನ್ನು ಹುಡುಕುವಾಗ ಒಂದು ಎಚ್ಚರ ಅಗತ್ಯ. ಹುಡುಕಾಟದ ಫಲಿತಾಂಶಗಳಲ್ಲಿ ಮೇಲೆ ಕಾಣುವ ಹಲವು ತಾಣಗಳು ಖಾಸಗಿಯವರವು. ಕೌಂಟಿಯ ಹೆಸರನ್ನೂ ಸರ್ಕಾರಿ ಮುದ್ರೆಯಂಥ ಚಿತ್ರವನ್ನೂ ಹಾಕಿಕೊಂಡು, ಕೌಂಟಿ ಉಚಿತವಾಗಿ ಕೊಡುವ ಅರ್ಜಿ ನಮೂನೆಗೇ ಹಣ ಕೇಳುವವೂ ಅವುಗಳಲ್ಲಿವೆ. ವಿಳಾಸ ‘ಡಾಟ್ ಗವ್’ ಎಂದು ಮುಗಿದರೆ ಅದು ಸರ್ಕಾರದ್ದೇ. ಕೆಲವು ಸಣ್ಣ ಕೌಂಟಿಗಳು ಬೇರೆ ವಿಳಾಸ ಬಳಸುವುದುಂಟು. ಅಂಥಲ್ಲಿ ರಾಜ್ಯದ ಆರೋಗ್ಯ ಇಲಾಖೆಯ ತಾಣದಿಂದ ಕೊಂಡಿ ಹಿಡಿದು ಹೋಗುವುದು ಕ್ಷೇಮ. ಒಕ್ಕೂಟ ಸರ್ಕಾರದ ರೋಗ ನಿಯಂತ್ರಣ ಕೇಂದ್ರಕ್ಕೆ ಸೇರಿದ ಆರೋಗ್ಯ ಅಂಕಿಅಂಶ ವಿಭಾಗವು, ಯಾವ ರಾಜ್ಯದಲ್ಲಿ ಜನನ, ಮರಣ, ವಿವಾಹ, ವಿಚ್ಛೇದನದ ದಾಖಲೆಗಳಿಗೆ ಎಲ್ಲಿಗೆ ಬರೆಯಬೇಕು ಎಂಬ ಪಟ್ಟಿಯನ್ನು ಪ್ರಕಟಿಸುತ್ತದೆ. ಆ ವಿಭಾಗ ತಾನೇ ದಾಖಲೆ ಕೊಡುವುದಿಲ್ಲ, ಆದರೆ ದಾರಿ ತೋರಿಸುವುದರಲ್ಲಿ ಅದರಷ್ಟು ನೆಚ್ಚಬಹುದಾದದ್ದು ಇನ್ನೊಂದಿಲ್ಲ.

ಪರವಾನಗಿ, ಪ್ರಮಾಣಪತ್ರ, ದೃಢೀಕೃತ ಪ್ರತಿ

ಈ ಮೂರನ್ನು ಒಂದೇ ಎಂದು ತಿಳಿಯುವುದರಿಂದ ಆಗುವ ತೊಂದರೆ ಸಣ್ಣದಲ್ಲ. ಮ್ಯಾರೇಜ್ ಲೈಸೆನ್ಸ್ ಅಥವಾ ವಿವಾಹ ಪರವಾನಗಿ ಎಂಬುದು ಮದುವೆಯಾಗಲು ಮುಂಚಿತವಾಗಿ ಪಡೆಯುವ ಅನುಮತಿ; ಅದು ಕೈಗೆ ಬಂದ ಮಾತ್ರಕ್ಕೆ ಯಾರಿಗೂ ಮದುವೆ ಆದಂತಾಗಲಿಲ್ಲ. ಅದನ್ನು ಇಟ್ಟುಕೊಂಡು, ಅವಧಿ ಮುಗಿಯುವುದರೊಳಗೆ ಕಾನೂನು ಒಪ್ಪುವ ಅಧಿಕಾರಿ ಅಥವಾ ಪುರೋಹಿತರ ಎದುರು ವಿವಾಹ ನಡೆದು, ಅವರೂ ಸಾಕ್ಷಿಗಳೂ ಸಹಿ ಮಾಡಿದ ಕಾಗದ ಮರಳಿ ಕಚೇರಿಗೆ ತಲುಪಿ ದಾಖಲಾದ ಮೇಲೆ ವಿವಾಹದ ದಾಖಲೆ ಹುಟ್ಟುತ್ತದೆ. ಆ ದಾಖಲೆಯ ನಕಲನ್ನು ಕಚೇರಿಯು ತನ್ನ ಮುದ್ರೆ ಮತ್ತು ಸಹಿಯೊಂದಿಗೆ ಕೊಟ್ಟಾಗ ಅದು ದೃಢೀಕೃತ ಪ್ರತಿ. ಮುಂದೆ ಯಾವ ಕಚೇರಿಯಲ್ಲಿ ಮದುವೆಯ ಪುರಾವೆ ಕೇಳಿದರೂ ಅವರು ಕೇಳುವುದು ಇದನ್ನೇ. ದೇವಸ್ಥಾನದವರು ಕೊಡುವ ಅಂಚಿನಲ್ಲಿ ಬಳ್ಳಿ ಬಿಡಿಸಿದ ಪತ್ರವಾಗಲಿ, ಕೆಲವು ಕೌಂಟಿಗಳು ನೆನಪಿಗೆಂದು ಮಾರುವ ಚಿನ್ನದ ಬಣ್ಣದ ಪತ್ರವಾಗಲಿ ಗೋಡೆಗೆ ಚೆನ್ನ. ಕಾನೂನಿನ ಎದುರು ಅವು ನಿಲ್ಲುವುದಿಲ್ಲ.

ದಿನಗಳ ಲೆಕ್ಕ

ಮುಹೂರ್ತ, ಸಭಾಂಗಣ, ಊಟ ಎಲ್ಲವನ್ನೂ ನಿಗದಿಪಡಿಸಿದ ಮೇಲೆ ಪರವಾನಗಿಯ ಬಗ್ಗೆ ಯೋಚಿಸುವ ಕುಟುಂಬಗಳು ಹೆಚ್ಚು. ಕ್ರಮ ತಿರುಗಮುರುಗವಾದರೆ ಒಳ್ಳೆಯದು ಎಂಬುದು ನನ್ನ ದೃಢ ಅಭಿಪ್ರಾಯ, ಏಕೆಂದರೆ ಇಲ್ಲಿ ಎರಡು ಗಡುವುಗಳು ಒಟ್ಟಿಗೆ ಕೆಲಸ ಮಾಡುತ್ತವೆ: ಪರವಾನಗಿ ಪಡೆದ ಮೇಲೆ ಎಷ್ಟು ಕಾಲ ಕಾಯಬೇಕು ಎಂಬುದೊಂದು, ಎಷ್ಟು ದಿನದೊಳಗೆ ಮದುವೆ ನಡೆಯಬೇಕು ಎಂಬುದು ಇನ್ನೊಂದು.

ಟೆಕ್ಸಸ್‌ನಲ್ಲಿ ಪರವಾನಗಿ ಕೊಟ್ಟ ಗಳಿಗೆಯಿಂದ 72 ಗಂಟೆ ಕಳೆಯಬೇಕು. ಬುಧವಾರ ಮಧ್ಯಾಹ್ನ 2 ಗಂಟೆಗೆ ಪರವಾನಗಿ ಪಡೆದವರು ಶನಿವಾರ ಬೆಳಗಿನ ಮುಹೂರ್ತದಲ್ಲಿ ಕಾನೂನುಬದ್ಧವಾಗಿ ಮದುವೆಯಾಗುವಂತಿಲ್ಲ. ಶನಿವಾರ ಮಧ್ಯಾಹ್ನ 2 ಗಂಟೆಯವರೆಗೆ ಕಾಯಬೇಕು. ಸೇನೆಯಲ್ಲಿ ಸಕ್ರಿಯ ಸೇವೆಯಲ್ಲಿರುವವರಿಗೂ, ರಾಜ್ಯ ಮಾನ್ಯ ಮಾಡಿರುವ 8 ಗಂಟೆಗಳ ವಿವಾಹಪೂರ್ವ ತರಬೇತಿ ಪಡೆದವರಿಗೂ ಈ ಕಾಯುವಿಕೆ ಇಲ್ಲ, ಮತ್ತು ತರಬೇತಿ ಪಡೆದವರಿಗೆ ಶುಲ್ಕದಲ್ಲಿಯೂ 60 ಡಾಲರ್ ಕಡಿಮೆಯಾಗುತ್ತದೆ. ನ್ಯೂಯಾರ್ಕ್‌ನಲ್ಲಿ ಕಾಯಬೇಕಾದದ್ದು 24 ಗಂಟೆ. ಫ್ಲಾರಿಡಾದಲ್ಲಿ ಆ ರಾಜ್ಯದ ನಿವಾಸಿಗಳಿಗೆ 3 ದಿನ, ಹೊರರಾಜ್ಯದವರಿಗೆ ಕಾಯುವಿಕೆಯೇ ಇಲ್ಲ. ಮ್ಯಾಸಚೂಸೆಟ್ಸ್, ಪೆನ್ಸಿಲ್ವೇನಿಯಾ, ವಾಷಿಂಗ್ಟನ್, ಮಿಶಿಗನ್ ರಾಜ್ಯಗಳೂ 3 ದಿನ ಕಾಯಿಸುತ್ತವೆ. ಮೇರಿಲ್ಯಾಂಡ್ 48 ಗಂಟೆ. ಕ್ಯಾಲಿಫೋರ್ನಿಯಾ, ವರ್ಜೀನಿಯಾ, ನೆವಾಡಾಗಳಲ್ಲಿ ಪರವಾನಗಿ ಪಡೆದ ದಿನವೇ ಮದುವೆಯಾಗಬಹುದು. ಲಾಸ್ ವೇಗಸ್ ನಗರವಿರುವ ಕ್ಲಾರ್ಕ್ ಕೌಂಟಿಯ ಪರವಾನಗಿ ಕಚೇರಿ ರಜಾದಿನಗಳೂ ಸೇರಿ ಪ್ರತಿದಿನ ಬೆಳಗ್ಗೆ 8ರಿಂದ ಮಧ್ಯರಾತ್ರಿಯವರೆಗೆ ತೆರೆದಿರುತ್ತದೆ.

ಇನ್ನು ಅವಧಿಯ ಮಾತು. ಕ್ಯಾಲಿಫೋರ್ನಿಯಾ ಮತ್ತು ಟೆಕ್ಸಸ್ ಪರವಾನಗಿಗಳಿಗೆ 90 ದಿನ. ನ್ಯೂಯಾರ್ಕ್, ಫ್ಲಾರಿಡಾ, ಇಲಿನಾಯ್, ವರ್ಜೀನಿಯಾ, ಒಹಾಯೋಗಳಲ್ಲಿ 60 ದಿನ. ಕೊಲರಾಡೊದಲ್ಲಿ 35 ದಿನ, ಮಿಶಿಗನ್‌ನಲ್ಲಿ 33 ದಿನ. ನೆವಾಡಾದಲ್ಲಿ ಒಂದು ವರ್ಷ. ಅವಧಿ ಮುಗಿದ ಪರವಾನಗಿಯನ್ನು ನವೀಕರಿಸುವ ಪದ್ಧತಿ ಸಾಮಾನ್ಯವಾಗಿ ಇಲ್ಲ, ಮತ್ತೆ ಅರ್ಜಿ ಹಾಕಿ ಮತ್ತೆ ಶುಲ್ಕ ಕಟ್ಟಬೇಕು. ಹಾಗೆಯೇ ಪರವಾನಗಿ ಎಲ್ಲಿ ಸಲ್ಲುತ್ತದೆ ಎಂಬುದನ್ನೂ ನೋಡಬೇಕು. ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್, ಟೆಕ್ಸಸ್‌ಗಳಲ್ಲಿ ಒಂದು ಕಡೆ ಪಡೆದ ಪರವಾನಗಿ ಇಡೀ ರಾಜ್ಯಕ್ಕೆ ಸಲ್ಲುತ್ತದೆ. ಇಲಿನಾಯ್‌ನಲ್ಲಿ ಪರವಾನಗಿ ಕೊಟ್ಟ ಕೌಂಟಿಯ ಗಡಿಯೊಳಗೇ ಮದುವೆ ನಡೆಯಬೇಕು, ಅದೂ ಪರವಾನಗಿ ಪಡೆದ ಮರುದಿನದಿಂದ. ಶಿಕಾಗೊ ಇರುವ ಕುಕ್ ಕೌಂಟಿಯಲ್ಲಿ ಪರವಾನಗಿ ಪಡೆದು ಪಕ್ಕದ ಡುಪೇಜ್ ಕೌಂಟಿಯ ಸಭಾಂಗಣದಲ್ಲಿ ಮದುವೆ ಇಟ್ಟುಕೊಳ್ಳುವಂತಿಲ್ಲ. ಒಹಾಯೋದಲ್ಲಿ ಇಬ್ಬರಲ್ಲೊಬ್ಬರು ವಾಸವಿರುವ ಕೌಂಟಿಯಲ್ಲಿ ಅರ್ಜಿ ಹಾಕಬೇಕು. ಇಬ್ಬರೂ ಹೊರರಾಜ್ಯದವರಾದರೆ ಮದುವೆ ನಡೆಯುವ ಕೌಂಟಿಯಲ್ಲಿ. ಯಾವ ರಾಜ್ಯದ ಪರವಾನಗಿಯೂ ಇನ್ನೊಂದು ರಾಜ್ಯದಲ್ಲಿ ನಡೆಯುವ ಮದುವೆಗೆ ಆಗುವುದಿಲ್ಲ, ಆದರೆ ಒಮ್ಮೆ ಸರಿಯಾಗಿ ಆದ ಮದುವೆಯನ್ನು ಸಾಮಾನ್ಯವಾಗಿ ಎಲ್ಲ ರಾಜ್ಯಗಳೂ ಮಾನ್ಯ ಮಾಡುತ್ತವೆ.

ಅರ್ಜಿಗೆ ಬೇಕಾದ ಕಾಗದಪತ್ರ

ಅರ್ಜಿ ಹಾಕಲು ಅಮೆರಿಕದ ಪೌರರಾಗಿರಬೇಕೆಂದಿಲ್ಲ. ಬಹುಪಾಲು ರಾಜ್ಯಗಳಲ್ಲಿ ಆ ರಾಜ್ಯದ ನಿವಾಸಿಯೂ ಆಗಿರಬೇಕಿಲ್ಲ. ಪ್ರವಾಸಿ ವೀಸಾದಲ್ಲಿ, ವಿದ್ಯಾರ್ಥಿ ವೀಸಾದಲ್ಲಿ ಅಥವಾ ಕೆಲಸದ ವೀಸಾದಲ್ಲಿ ಇರುವವರಿಗೂ ಪರವಾನಗಿ ಕೊಡುತ್ತಾರೆ. ಗುರುತಿಗೆ ಪಾಸ್‌ಪೋರ್ಟ್ ಎಲ್ಲೆಡೆ ಸಲ್ಲುತ್ತದೆ. 1996ರ ಒಕ್ಕೂಟ ಕಾನೂನಿನಂತೆ ರಾಜ್ಯಗಳು ವಿವಾಹ ಅರ್ಜಿಯಲ್ಲಿ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆಯನ್ನು ಕೇಳುತ್ತವೆ. ಸಂಖ್ಯೆಯೇ ಇಲ್ಲದವರು ಇಲ್ಲವೆಂದು ತಿಳಿಸಿದರೆ, ಕೆಲವು ಕಡೆ ಅದಕ್ಕೊಂದು ಅಫಿಡವಿಟ್‌ಗೆ ಸಹಿ ಮಾಡಿದರೆ ಆಯಿತು. ಸಂಖ್ಯೆ ಇಲ್ಲವೆಂಬ ಕಾರಣಕ್ಕೆ ಹೆದರಿ ಹಿಂಜರಿಯಬೇಕಾಗಿಲ್ಲ. ತಂದೆತಾಯಿಯರ ಪೂರ್ಣ ಹೆಸರು, ಅವರು ಹುಟ್ಟಿದ ರಾಜ್ಯ ಅಥವಾ ದೇಶ, ತಾಯಿಯ ಮದುವೆಗೆ ಮುಂಚಿನ ಹೆಸರು ಇವನ್ನು ಹಲವು ಕಡೆ ಕೇಳುತ್ತಾರೆ. ಕೌಂಟರಿನ ಮುಂದೆ ನಿಂತು ಊರಿಗೆ ಫೋನ್ ಮಾಡುವ ಬದಲು ಮೊದಲೇ ಬರೆದಿಟ್ಟುಕೊಂಡು ಹೋಗುವುದು ಮೇಲು.

ಹಿಂದೆ ವಿಚ್ಛೇದನವಾಗಿದ್ದರೆ ಅದು ಅಂತಿಮವಾದ ದಿನಾಂಕ ಬೇಕು. ಕೆಲವು ಕೌಂಟಿಗಳು ನ್ಯಾಯಾಲಯದ ಆದೇಶದ ಪ್ರತಿಯನ್ನೂ ಕೇಳುತ್ತವೆ. ಟೆಕ್ಸಸ್‌ನಲ್ಲಿ ವಿಚ್ಛೇದನದ ನಂತರ ಬೇರೊಬ್ಬರನ್ನು ಮದುವೆಯಾಗಲು 30 ದಿನ, ವಿಸ್ಕಾನ್ಸಿನ್‌ನಲ್ಲಿ 6 ತಿಂಗಳು ಕಾಯಬೇಕು.

ಹೆಸರಿನ ವಿಷಯಕ್ಕೆ ಇಲ್ಲಿ ಸ್ವಲ್ಪ ಹೆಚ್ಚು ಜಾಗ ಕೊಡುವುದು ಅಗತ್ಯ, ಏಕೆಂದರೆ ಕನ್ನಡಿಗರ ಹೆಸರುಗಳಿಗೂ ಅಮೆರಿಕದ ನಮೂನೆಗಳಿಗೂ ಸುಲಭದಲ್ಲಿ ಹೊಂದಿಕೆಯಾಗುವುದಿಲ್ಲ. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿಯಿದ್ದರೆ ವೀಸಾದಲ್ಲಿ ಇಡೀ ಹೆಸರು ಸರ್‌ನೇಮ್ ಜಾಗಕ್ಕೆ ಹೋಗಿ, ಮೊದಲ ಹೆಸರಿನ ಜಾಗದಲ್ಲಿ, ಮೊದಲ ಹೆಸರು ತಿಳಿಯದು ಎಂಬರ್ಥದ ‘ಎಫ್‌ಎನ್‌ಯು’ ಎಂಬ ಮೂರು ಅಕ್ಷರ ಕೂರುತ್ತದೆ. ಅದೇ ಡ್ರೈವರ್ಸ್ ಲೈಸೆನ್ಸಿಗೆ ಹೋಗಿ, ಅಲ್ಲಿಂದ ವಿವಾಹ ದಾಖಲೆಗೂ ಇಳಿದರೆ, ಮುಂದೆ ಹೆಸರಿನ ಸೂಚಿಯಲ್ಲಿ ಹುಡುಕುವವರಿಗೆ ಆ ವ್ಯಕ್ತಿ ಸಿಗುವುದು ಅದೇ ಮೂರು ಅಕ್ಷರಗಳ ಅಡಿಯಲ್ಲಿ. ಇನ್ನು ಕೆಲವರ ಹೆಸರಿನ ಹಿಂದಿನ ಇನಿಷಿಯಲ್‌ಗಳು ಒಂದು ದಾಖಲೆಯಲ್ಲಿ ಊರು ಮತ್ತು ತಂದೆಯ ಹೆಸರಾಗಿ ಬಿಡಿಸಿ ಬರೆಯಲ್ಪಟ್ಟಿದ್ದರೆ, ಇನ್ನೊಂದರಲ್ಲಿ ಅಕ್ಷರಗಳಾಗಿಯೇ ಉಳಿದಿರುತ್ತವೆ. ಸಾಧ್ಯವಿದ್ದವರು ಮದುವೆಗೆ ಮುಂಚೆಯೇ ಪಾಸ್‌ಪೋರ್ಟಿನ ಹೆಸರನ್ನು ಸರಿಪಡಿಸಿಕೊಳ್ಳುವುದು, ಸಾಧ್ಯವಾಗದವರು ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ಅಕ್ಷರ ತಪ್ಪದೆ ಅರ್ಜಿಯಲ್ಲಿ ಬರೆಯುವುದು ಸರಿಯಾದ ಮಾರ್ಗ. ಮನೆಯಲ್ಲಿ ಕರೆಯುವ ರೂಪವನ್ನೋ ಕಚೇರಿಯಲ್ಲಿ ಬಳಸುವ ಮೊಟಕು ರೂಪವನ್ನೋ ಇಲ್ಲಿ ತರಬಾರದು.

ಎರಡು ಪ್ರಶ್ನೆಗಳಿಗೆ ನೇರವಾಗಿ, ಸತ್ಯವಾಗಿ ಉತ್ತರಿಸಬೇಕು. ಮೊದಲನೆಯದು, ಈಗಾಗಲೇ ಮದುವೆಯಾಗಿದೆಯೇ ಎಂಬುದು. ಭಾರತದಲ್ಲಿ ಶಾಸ್ತ್ರೋಕ್ತವಾಗಿ ಮದುವೆಯಾಗಿ ನೋಂದಣಿ ಮಾಡಿಸದೆ ಬಂದ ದಂಪತಿ, ಕಾಗದವಿಲ್ಲದ್ದರಿಂದ ಮದುವೆಯೇ ಆಗಿಲ್ಲವೆಂದು ಹೇಳಿ ಇಲ್ಲಿ ಹೊಸದಾಗಿ ಪರವಾನಗಿ ಪಡೆಯಲು ಹೊರಡುವುದುಂಟು. 1955ರ ಹಿಂದೂ ವಿವಾಹ ಕಾಯ್ದೆಯ ಪ್ರಕಾರ ಮದುವೆಗೆ ಸಿಂಧುತ್ವ ಬರುವುದು ವಿಧಿವಿಧಾನಗಳಿಂದ. ನೋಂದಣಿಯಾಗದಿದ್ದ ಮಾತ್ರಕ್ಕೆ ಮದುವೆ ಅಸಿಂಧುವಾಗುವುದಿಲ್ಲ. ಆದ್ದರಿಂದ ಪ್ರಮಾಣ ಮಾಡಿ ಅವಿವಾಹಿತರೆಂದು ಬರೆಯುವುದು ಸುಳ್ಳು ಹೇಳಿಕೆಯಾಗುತ್ತದೆ, ಮತ್ತು ಎರಡು ದಾಖಲೆಗಳಲ್ಲಿ ಎರಡು ಮದುವೆ ದಿನಾಂಕಗಳು ಬಂದರೆ ವಲಸೆ ಅಧಿಕಾರಿಗಳ ಮುಂದೆ ಅದನ್ನು ವಿವರಿಸುವುದು ಕಷ್ಟ. ಅಂಥವರಿಗೆ ಬೇಕಾದದ್ದು ಭಾರತದ ಆ ಮದುವೆಯ ನೋಂದಣಿ. ಎರಡನೆಯದು, ಇಬ್ಬರ ನಡುವಣ ರಕ್ತಸಂಬಂಧ. ಅಕ್ಕನ ಮಗಳನ್ನು ಸೋದರಮಾವ ಮದುವೆಯಾಗುವುದಕ್ಕೆ ಅಮೆರಿಕದ ರಾಜ್ಯಗಳಲ್ಲಿ ಅವಕಾಶ ಸಿಗುವುದಿಲ್ಲವೆಂದೇ ತಿಳಿಯಬೇಕು. ಅತ್ತೆಯ ಮಗಳು, ಮಾವನ ಮಗನಂಥ ಸಂಬಂಧಗಳನ್ನು ಕ್ಯಾಲಿಫೋರ್ನಿಯಾ ಮತ್ತು ನ್ಯೂಯಾರ್ಕ್ ಒಪ್ಪುತ್ತವೆ, ಟೆಕ್ಸಸ್ ಒಪ್ಪುವುದಿಲ್ಲ. ಟೆಕ್ಸಸ್‌ನ ಅರ್ಜಿಯಲ್ಲಿಯೇ ಇಂಥ ಸಂಬಂಧವಿಲ್ಲವೆಂದು ಪ್ರಮಾಣ ಮಾಡಬೇಕಾದ ಸಾಲುಗಳಿವೆ.

ಕೌಂಟರಿನ ಮುಂದೆ

ಹೆಚ್ಚಿನ ಕೌಂಟಿಗಳಲ್ಲಿ ಅರ್ಜಿಯನ್ನು ಜಾಲತಾಣದಲ್ಲಿ ಮುಂಚಿತವಾಗಿ ತುಂಬಿ, ಸಮಯ ನಿಗದಿ ಮಾಡಿಕೊಂಡು ಹೋಗುವ ವ್ಯವಸ್ಥೆ ಇದೆ. ನ್ಯೂಯಾರ್ಕ್ ನಗರದಲ್ಲಿ ‘ಪ್ರಾಜೆಕ್ಟ್ ಕ್ಯುಪಿಡ್’ ಎಂಬ ತಾಣದ ಮೂಲಕ ಇದು ನಡೆಯುತ್ತದೆ. ಆದರೂ ಸಾಮಾನ್ಯವಾಗಿ ಇಬ್ಬರೂ ಒಟ್ಟಿಗೆ ಹಾಜರಾಗಿ, ಗುರುತಿನ ಪತ್ರ ತೋರಿಸಿ, ಹೇಳಿದ್ದೆಲ್ಲ ನಿಜವೆಂದು ಪ್ರಮಾಣ ಮಾಡಿ ಸಹಿ ಹಾಕಬೇಕು. ಶುಲ್ಕ ಕೌಂಟಿಯಿಂದ ಕೌಂಟಿಗೆ ಬದಲಾಗುತ್ತದೆ: ನ್ಯೂಯಾರ್ಕ್ ನಗರದಲ್ಲಿ 35 ಡಾಲರ್, ಕುಕ್ ಕೌಂಟಿಯಲ್ಲಿ 60, ಕ್ಲಾರ್ಕ್ ಕೌಂಟಿಯಲ್ಲಿ 102 ಡಾಲರ್ ಎಂಬುದು ಇತ್ತೀಚಿನ ದರ. ದರ ಪರಿಷ್ಕರಣೆಯಾಗುತ್ತಿರುತ್ತದೆ, ಮತ್ತು ಕೆಲವು ಕಚೇರಿಗಳು ನಗದನ್ನು, ಇನ್ನು ಕೆಲವು ಕಾರ್ಡನ್ನು ತೆಗೆದುಕೊಳ್ಳುವುದಿಲ್ಲ. ಹೊರಡುವ ಮುನ್ನ ಎರಡನ್ನೂ ನೋಡಿಕೊಳ್ಳಬೇಕು.

ಕ್ಲರ್ಕ್ ಮುದ್ರಣಕ್ಕೆ ಮುಂಚೆ ಪರದೆಯನ್ನು ನಿಮ್ಮ ಕಡೆ ತಿರುಗಿಸಿಯೋ ಕರಡು ಪ್ರತಿಯನ್ನು ಕೈಗಿತ್ತೋ ಸರಿಯಿದೆಯೇ ಎಂದು ಕೇಳುತ್ತಾರೆ. ಹಿಂದೆ ಸಾಲು ನಿಂತಿದೆಯೆಂದು ಅವಸರದಿಂದ ತಲೆಯಾಡಿಸಬೇಡಿ. ಪಾಸ್‌ಪೋರ್ಟನ್ನು ಪಕ್ಕದಲ್ಲಿ ಬಿಚ್ಚಿಟ್ಟುಕೊಂಡು, ಇಬ್ಬರ ಹೆಸರನ್ನೂ ಒಂದೊಂದೇ ಇಂಗ್ಲಿಷ್ ಅಕ್ಷರದ ಮೇಲೆ ಬೆರಳಿಟ್ಟು ಓದಿ. ಲಕ್ಷ್ಮಿ, ಶ್ರೀನಿವಾಸ, ವೆಂಕಟೇಶ ಇಂಥ ಹೆಸರುಗಳಲ್ಲಿ ಒಂದು ಅಕ್ಷರ ಬಿಟ್ಟುಹೋದರೂ ಓದುವಾಗ ಕಣ್ಣಿಗೆ ಬೀಳುವುದಿಲ್ಲ. ಹುಟ್ಟಿದ ದಿನಾಂಕದಲ್ಲಿ ತಿಂಗಳು ಮೊದಲು ಬರುವ ಅಮೆರಿಕದ ಕ್ರಮದಿಂದಾಗಿ 4ನೇ ತಿಂಗಳ 7ನೇ ತಾರೀಖು 7ನೇ ತಿಂಗಳ 4ನೇ ತಾರೀಖಾಗಿಬಿಡುವ ಸಾಧ್ಯತೆಯೂ ಇದೆ. ಇಲ್ಲಿ ಕಳೆಯುವ ಐದು ನಿಮಿಷ ಮುಂದೆ ತಿಂಗಳುಗಟ್ಟಲೆಯ ತಿದ್ದುಪಡಿಯ ಅಲೆದಾಟವನ್ನು ತಪ್ಪಿಸುತ್ತದೆ. ಮದುವೆಯ ನಂತರ ಬಳಸುವ ಹೆಸರಿನ ಅಂಕಣ ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್ ಮೊದಲಾದ ಕಡೆ ಅರ್ಜಿಯಲ್ಲಿಯೇ ಇರುತ್ತದೆ. ಹೆಸರು ಬದಲಿಸುವ ಬಗ್ಗೆ ಇಬ್ಬರೂ ಮನೆಯಲ್ಲಿಯೇ ನಿರ್ಧರಿಸಿ ಹೋಗಬೇಕು, ಏಕೆಂದರೆ ಕ್ಯಾಲಿಫೋರ್ನಿಯಾದಲ್ಲಿ ಆ ಅಂಕಣದಲ್ಲಿ ಬರೆದದ್ದನ್ನು ಮನಸ್ಸು ಬದಲಾಯಿತೆಂದು ಆಮೇಲೆ ತಿದ್ದಿಸಲು ಬರುವುದಿಲ್ಲ.

ಕ್ಯಾಲಿಫೋರ್ನಿಯಾದಲ್ಲಿ ಸಾರ್ವಜನಿಕ ಮತ್ತು ಗೋಪ್ಯ ಎಂಬ ಎರಡು ಬಗೆಯ ಪರವಾನಗಿಗಳಿವೆ. ಸಾರ್ವಜನಿಕ ಪರವಾನಗಿಗೆ ಕನಿಷ್ಠ ಒಬ್ಬ ಸಾಕ್ಷಿ ಬೇಕು. ಗೋಪ್ಯ ಪರವಾನಗಿ ಒಟ್ಟಿಗೆ ವಾಸಿಸುತ್ತಿರುವ ವಯಸ್ಕರಿಗೆ ಮಾತ್ರ. ಅದಕ್ಕೆ ಸಾಕ್ಷಿ ಬೇಕಿಲ್ಲ, ಆದರೆ ಅದರ ಪ್ರತಿಯನ್ನು ನ್ಯಾಯಾಲಯದ ಆದೇಶವಿಲ್ಲದೆ ದಂಪತಿಯ ಹೊರತು ಬೇರೆ ಯಾರೂ ಪಡೆಯಲಾರರು.

ಪುರೋಹಿತರು ಮತ್ತು ಸಹಿ

ಮಂತ್ರ ಹೇಳಿ ಮಾಂಗಲ್ಯಧಾರಣೆ ಮಾಡಿಸುವ ಪುರೋಹಿತರಿಗೆ ಆ ರಾಜ್ಯದಲ್ಲಿ ವಿವಾಹ ನೆರವೇರಿಸುವ ಕಾನೂನು ಅಧಿಕಾರ ಇದೆಯೇ ಎಂದು ಮೊದಲೇ ಕೇಳುವುದರಲ್ಲಿ ಅಗೌರವವೇನೂ ಇಲ್ಲ. ಬಹಳಷ್ಟು ರಾಜ್ಯಗಳಲ್ಲಿ ಧಾರ್ಮಿಕ ಸಂಸ್ಥೆಯ ಅರ್ಚಕರೆಂಬುದೇ ಸಾಕು. ಆದರೆ ಒಹಾಯೋದಲ್ಲಿ ಅವರು ರಾಜ್ಯದ ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿಯಿಂದ, ನ್ಯೂಯಾರ್ಕ್ ನಗರದಲ್ಲಿ ಸಿಟಿ ಕ್ಲರ್ಕ್ ಬಳಿ, ವರ್ಜೀನಿಯಾದಲ್ಲಿ ಸರ್ಕಿಟ್ ಕೋರ್ಟಿನ ಮೂಲಕ, ನೆವಾಡಾದಲ್ಲಿ ಕೌಂಟಿಯಿಂದ ಅನುಮತಿ ಪಡೆದಿರಬೇಕು. ಬೇರೆ ರಾಜ್ಯದಿಂದ ಕುಟುಂಬದ ಪುರೋಹಿತರನ್ನು ಕರೆಸುವವರು ಇದನ್ನು ವಾರಗಳ ಮುಂಚೆಯೇ ವಿಚಾರಿಸಬೇಕು. ಕೊಲರಾಡೊದಲ್ಲಿ ದಂಪತಿ ತಾವೇ ತಮ್ಮ ವಿವಾಹವನ್ನು ನೆರವೇರಿಸಿಕೊಂಡು ಸಹಿ ಮಾಡಬಹುದು. ಪೆನ್ಸಿಲ್ವೇನಿಯಾದಲ್ಲಿ ಕ್ವೇಕರ್ ಎಂಬ ಕ್ರೈಸ್ತ ಪಂಥದ ಸಂಪ್ರದಾಯದಿಂದ ಬಂದ, ಪುರೋಹಿತರಿಲ್ಲದೆ ಇಬ್ಬರು ಸಾಕ್ಷಿಗಳೊಂದಿಗೆ ನಡೆಯುವ ಪರವಾನಗಿಯೊಂದಿದೆ.

ಸಮಾರಂಭ ಮುಗಿದ ಕೂಡಲೇ, ಊಟಕ್ಕೆ ಏಳುವ ಮುನ್ನ, ಪುರೋಹಿತರ ಮತ್ತು ಸಾಕ್ಷಿಗಳ ಸಹಿ ಹಾಕಿಸಿಬಿಡಿ. ತುಂಬಿದ ಕಾಗದವನ್ನು ಕಚೇರಿಗೆ ಮರಳಿಸುವ ಹೊಣೆ ಸಾಮಾನ್ಯವಾಗಿ ಮದುವೆ ಮಾಡಿಸಿದವರದ್ದು: ನ್ಯೂಯಾರ್ಕ್‌ನಲ್ಲಿ 5 ದಿನ, ಕ್ಯಾಲಿಫೋರ್ನಿಯಾ, ಫ್ಲಾರಿಡಾ, ಇಲಿನಾಯ್‌ಗಳಲ್ಲಿ 10 ದಿನ, ಟೆಕ್ಸಸ್‌ನಲ್ಲಿ 30 ದಿನ ಗಡುವು. ಈ ಕಾಗದ ಯಾರದೋ ಚೀಲದಲ್ಲಿ ಉಳಿದುಹೋಗುವುದು ನಾವು ಊಹಿಸುವುದಕ್ಕಿಂತ ಹೆಚ್ಚು. ಕಳಿಸುವ ಮುನ್ನ ಫೋಟೊ ತೆಗೆದಿಟ್ಟುಕೊಂಡು, ಎರಡು ಮೂರು ವಾರಗಳ ನಂತರ ದಾಖಲಾಯಿತೇ ಎಂದು ಕಚೇರಿಗೆ ಫೋನ್ ಮಾಡಿ ಕೇಳಬೇಕು.

ಯೂಟಾ ರಾಜ್ಯದ ಯೂಟಾ ಕೌಂಟಿ ವಿಡಿಯೊ ಕರೆಯ ಮೂಲಕವೂ ವಿವಾಹಗಳನ್ನು ನಡೆಸುತ್ತದೆ. ಆದರೆ ವಲಸೆ ಕಾನೂನಿನ ದೃಷ್ಟಿಯಲ್ಲಿ, ಸಮಾರಂಭದ ಹೊತ್ತಿಗೆ ವಧೂವರರು ಒಂದೆಡೆ ಇರದಿದ್ದರೆ, ಆನಂತರ ಇಬ್ಬರೂ ಕೂಡಿ ದಾಂಪತ್ಯ ನಡೆಸಿದ್ದಾಗಿ ಸಾಬೀತಾಗುವವರೆಗೆ ಅವರು ಪತಿಪತ್ನಿಯರೆಂದು ಪರಿಗಣಿತರಾಗುವುದಿಲ್ಲ. ಅಮೆರಿಕದ ಪೌರರನ್ನು ಮದುವೆಯಾಗಲೆಂದೇ ಕೊಡುವ ಕೆ-1 ವೀಸಾದಲ್ಲಿ ಬಂದವರು ದೇಶ ಪ್ರವೇಶಿಸಿದ 90 ದಿನಗಳೊಳಗೆ, ಆ ವೀಸಾ ಕೊಡಿಸಿದ ವ್ಯಕ್ತಿಯನ್ನೇ ಮದುವೆಯಾಗಬೇಕು. ಮೇಲೆ ಹೇಳಿದ ಕಾಯುವ ದಿನಗಳೆಲ್ಲ ಆ 90ರ ಒಳಗೇ ಬರುತ್ತವೆ.

ಪ್ರತಿಗಳನ್ನು ಪಡೆಯುವುದು

ಕೆಲವು ಕೌಂಟಿಗಳು ಒಂದು ದೃಢೀಕೃತ ಪ್ರತಿಯನ್ನು ತಾವೇ ಅಂಚೆಯಲ್ಲಿ ಕಳಿಸುತ್ತವೆ, ಹಲವು ಕೌಂಟಿಗಳು ಕೇಳಿದರೆ ಮಾತ್ರ. ಎರಡು ಮೂರು ಪ್ರತಿಗಳನ್ನು ಒಟ್ಟಿಗೆ ತೆಗೆದುಕೊಳ್ಳುವುದು ಲೇಸು. ಹೆಸರು ಬದಲಿಸಿದವರು ಮೊದಲು ಎಸ್‌ಎಸ್-5 ನಮೂನೆಯೊಂದಿಗೆ ಸೋಷಿಯಲ್ ಸೆಕ್ಯುರಿಟಿ ಕಚೇರಿಗೆ, ಅನಂತರ ಡ್ರೈವರ್ಸ್ ಲೈಸೆನ್ಸ್ ಮತ್ತು ಬ್ಯಾಂಕಿಗೆ ಹೋಗುವುದು ರೂಢಿ. ಸೋಷಿಯಲ್ ಸೆಕ್ಯುರಿಟಿಯವರು ಜೆರಾಕ್ಸ್ ಪ್ರತಿಯನ್ನು ಒಪ್ಪುವುದಿಲ್ಲ. ಭಾರತದಲ್ಲಿ ಬಳಸಲು ಅಪೊಸ್ಟೀಲ್ ಮುದ್ರೆ, ಅಂದರೆ ಒಂದು ದೇಶದ ದಾಖಲೆ ಇನ್ನೊಂದು ದೇಶದಲ್ಲಿ ಸಲ್ಲುವಂತೆ ಅಂತರರಾಷ್ಟ್ರೀಯ ಹೇಗ್ ಒಪ್ಪಂದದ ಅಡಿಯಲ್ಲಿ ಕೊಡುವ ದೃಢೀಕರಣ, ಬೇಕಾಗಬಹುದು. ಈ ಒಪ್ಪಂದಕ್ಕೆ ಅಮೆರಿಕ 1981ರಿಂದ, ಭಾರತ 2005ರಿಂದ ಬದ್ಧವಾಗಿವೆ. ಕೌಂಟಿಯ ದಾಖಲೆಗೆ ಅಪೊಸ್ಟೀಲ್ ಕೊಡುವುದು ಅದೇ ರಾಜ್ಯದ ಸೆಕ್ರೆಟರಿ ಆಫ್ ಸ್ಟೇಟ್ ಅಥವಾ ಅದಕ್ಕೆ ಸಮನಾದ ಕಚೇರಿಯೇ ಹೊರತು ವಾಷಿಂಗ್ಟನ್ನಿನ ವಿದೇಶಾಂಗ ಇಲಾಖೆಯಲ್ಲ. ನ್ಯೂಯಾರ್ಕ್ ನಗರದ ಪ್ರಮಾಣಪತ್ರಕ್ಕೆ ನಡುವೆ ಕೌಂಟಿ ಕ್ಲರ್ಕಿನ ದೃಢೀಕರಣವೂ ಬೇಕು, ಮತ್ತು ಅಲ್ಲಿ ಚಿಕ್ಕ ಪ್ರಮಾಣಪತ್ರದ ಬದಲು ಕೈಬರಹದ ಸಹಿಯಿರುವ ವಿಸ್ತೃತ ಪ್ರತಿಯನ್ನು ಕೇಳಿ ಪಡೆಯಬೇಕು.

ಹಳೆಯ ದಾಖಲೆ ಹುಡುಕುವವರಿಗೆ

ಇಬ್ಬರ ಮದುವೆಗೆ ಮುಂಚಿನ ಹೆಸರು, ಸುಮಾರು ವರ್ಷ, ಪರವಾನಗಿ ಪಡೆದಿರಬಹುದಾದ ಕೌಂಟಿ: ಈ ಮೂರು ಗೊತ್ತಿದ್ದರೆ ಅರ್ಧ ಕೆಲಸ ಮುಗಿದಂತೆ. ಕ್ಲಾರ್ಕ್ ಕೌಂಟಿಯಂಥ ಕಡೆ ಹೆಸರಿನ ಸೂಚಿ ಜಾಲತಾಣದಲ್ಲಿ ಎಲ್ಲರಿಗೂ ತೆರೆದಿದೆ. ಕ್ಯಾಲಿಫೋರ್ನಿಯಾದಲ್ಲಿ ಸಂಬಂಧಪಟ್ಟವರಿಗೆ ಅಧಿಕೃತ ಪ್ರತಿ, ಉಳಿದವರಿಗೆ ಗುರುತಿನ ಪುರಾವೆಯಾಗಿ ಬಳಸಲಾಗದ ಮಾಹಿತಿ ಪ್ರತಿ ಸಿಗುತ್ತದೆ. ರಾಜ್ಯ ಕಚೇರಿಗೇ ಬರೆದರೆ ಸಾಲದೇ ಎಂಬ ಪ್ರಶ್ನೆಗೆ ಟೆಕ್ಸಸ್ ಮತ್ತು ಇಲಿನಾಯ್ ಒಳ್ಳೆಯ ಉತ್ತರ: ಟೆಕ್ಸಸ್ ರಾಜ್ಯದ ಬಳಿ 1966ರಿಂದ, ಇಲಿನಾಯ್ ರಾಜ್ಯದ ಬಳಿ 1962ರಿಂದ ಈಚೆಗಿನ ಸೂಚಿ ಇದೆ, ಅದರಿಂದ ಮದುವೆ ದಾಖಲಾಗಿದೆ ಎಂಬ ದೃಢೀಕರಣ ಮಾತ್ರ ಸಿಗುತ್ತದೆ, ದೃಢೀಕೃತ ಪ್ರತಿಗೆ ಕೌಂಟಿಗೇ ಹೋಗಬೇಕು. ಆದರೂ ಕೌಂಟಿ ಯಾವುದೆಂದು ತಿಳಿಯದವರಿಗೆ ರಾಜ್ಯದ ಸೂಚಿ ಬಹಳ ಉಪಯುಕ್ತ.

ಇನ್ನೂ ಹಿಂದಕ್ಕೆ ಹೋದಂತೆ ದಾಖಲೆಗಳ ಆರಂಭವೇ ರಾಜ್ಯದಿಂದ ರಾಜ್ಯಕ್ಕೆ ಬೇರೆಯಾಗುತ್ತದೆ. ಮ್ಯಾಸಚೂಸೆಟ್ಸ್ 1841ರಿಂದ ರಾಜ್ಯಮಟ್ಟದಲ್ಲಿ ನೋಂದಣಿ ಮಾಡುತ್ತ ಬಂದಿದೆ. ಪೆನ್ಸಿಲ್ವೇನಿಯಾದ ಕೌಂಟಿ ಪರವಾನಗಿಗಳು 1885ರ ಅಕ್ಟೋಬರ್‌ನಿಂದ, ದಕ್ಷಿಣ ಕೆರೊಲಿನಾದವು 1911ರ ಜುಲೈನಿಂದ ಮಾತ್ರ. ನ್ಯೂಯಾರ್ಕ್ ನಗರದ 1866ರಿಂದ 1949ರವರೆಗಿನ ವಿವಾಹ ದಾಖಲೆಗಳು ಪುರಸಭೆಯ ದಾಖಲೆ ಭಂಡಾರದಲ್ಲಿವೆ. 1871ರ ಶಿಕಾಗೊ ಬೆಂಕಿಯಲ್ಲಿ ಕುಕ್ ಕೌಂಟಿಯ, 1906ರ ಭೂಕಂಪ ಮತ್ತು ಬೆಂಕಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಹಳೆಯ ಪುಸ್ತಕಗಳು ನಾಶವಾದವು. ಅಂಥಲ್ಲಿ ಚರ್ಚಿನ ಪುಸ್ತಕ, ಆ ಕಾಲದ ಪತ್ರಿಕೆಗಳು, ಪೌರತ್ವದ ಅರ್ಜಿಗಳು ನೆರವಾಗುತ್ತವೆ. ಗುಲಾಮಗಿರಿಯಲ್ಲಿದ್ದವರ ಮದುವೆಗೆ ಕಾನೂನಿನ ಮಾನ್ಯತೆಯೇ ಇರಲಿಲ್ಲವಾದ್ದರಿಂದ, ಅಂತರ್ಯುದ್ಧದ ನಂತರ, ಬಿಡುಗಡೆಯಾದ ಗುಲಾಮರ ನೆರವಿಗಿದ್ದ ಸರ್ಕಾರಿ ಸಂಸ್ಥೆಯಾದ ಫ್ರೀಡ್‌ಮೆನ್ಸ್ ಬ್ಯೂರೊ ಬರೆದಿಟ್ಟ ವಿವಾಹ ಪುಸ್ತಕಗಳು, ಉತ್ತರ ಕೆರೊಲಿನಾ ಮತ್ತು ವರ್ಜೀನಿಯಾದ 1866ರ ಸಹಜೀವನ ನೋಂದಣಿಗಳು ಎಷ್ಟೋ ಕುಟುಂಬಗಳಿಗೆ ಹಿರಿಯರ ಹೆಸರು ಸಿಗುವ ಮೊದಲ ಪುಟಗಳು. ಇವುಗಳಲ್ಲಿ ಹಲವು ‘ಫ್ಯಾಮಿಲಿಸರ್ಚ್’ ತಾಣದಲ್ಲಿ ಉಚಿತವಾಗಿ ಸಿಗುತ್ತವೆ.

ಕಾಣಬೇಕಾದ ಕೌಂಟಿಯಲ್ಲಿ ದಾಖಲೆ ಕಾಣದಿದ್ದರೆ ಮದುವೆಯೇ ಆಗಿಲ್ಲವೆಂದು ತೀರ್ಮಾನಿಸಬಾರದು. ಕಾಯುವ ನಿಯಮವಿಲ್ಲದ ಕೌಂಟಿಗಳಿಗೆ ಗಡಿ ದಾಟಿ ಹೋಗಿ ಮದುವೆಯಾಗುವುದು ಹಿಂದಿನಿಂದಲೂ ನಡೆದುಬಂದಿದೆ. ಮೇರಿಲ್ಯಾಂಡ್‌ನ ಸೆಸಿಲ್ ಕೌಂಟಿಯ ಎಲ್ಕ್‌ಟನ್ ಪಟ್ಟಣ, 1938ರಲ್ಲಿ 48 ಗಂಟೆಗಳ ನಿಯಮ ಬರುವವರೆಗೂ ಫಿಲಡೆಲ್ಫಿಯಾ, ನ್ಯೂಯಾರ್ಕ್ ಕಡೆಯ ಜೋಡಿಗಳಿಂದ ತುಂಬಿರುತ್ತಿತ್ತು; ಶಿಕಾಗೊದವರು ಇಂಡಿಯಾನಾದ ಕ್ರೌನ್ ಪಾಯಿಂಟ್‌ಗೆ ಹೋಗುತ್ತಿದ್ದರು. ಕ್ಯಾಲಿಫೋರ್ನಿಯಾ 1927ರಲ್ಲಿ 3 ದಿನ ಕಾಯುವ ನಿಯಮ ತಂದಾಗ ಜನ ಆರಿಜೋನಾದ ಯೂಮಾಕ್ಕೂ ನೆವಾಡಾಕ್ಕೂ ಹೊರಟರು. ಕಾನೂನಿನ ಅನ್ಯಾಯವೂ ಕೆಲವರನ್ನು ಹೀಗೆ ಅಲೆಸಿತು. 20ನೇ ಶತಮಾನದ ಆರಂಭದಲ್ಲಿ ಕ್ಯಾಲಿಫೋರ್ನಿಯಾದ ಇಂಪೀರಿಯಲ್ ಕಣಿವೆಯಲ್ಲಿ ಬೇಸಾಯಕ್ಕೆ ನೆಲೆನಿಂತ ಪಂಜಾಬಿ ಪುರುಷರು ಮೆಕ್ಸಿಕನ್ ಮೂಲದ ಮಹಿಳೆಯರನ್ನು ಮದುವೆಯಾದಾಗ, ಭಿನ್ನ ವರ್ಣದವರ ವಿವಾಹವನ್ನು ನಿಷೇಧಿಸಿದ್ದ ಕಾನೂನಿನಿಂದಾಗಿ ಪರವಾನಗಿ ಸಿಗುವುದು ಕ್ಲರ್ಕಿನ ಮರ್ಜಿಗೆ ಬಿಟ್ಟಿತ್ತು. ಒಂದೆಡೆ ನಿರಾಕರಿಸಿದರೆ ಬೇರೆ ಕೌಂಟಿಗೋ ಬೇರೆ ರಾಜ್ಯಕ್ಕೋ ಹೋದವರಿದ್ದಾರೆ. ಕ್ಯಾಲಿಫೋರ್ನಿಯಾದಲ್ಲಿ ಆ ನಿಷೇಧವನ್ನು 1948ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ಇಡೀ ದೇಶದಲ್ಲಿ 1967ರ ಲವಿಂಗ್ ಪ್ರಕರಣದ ತೀರ್ಪು ಕೊನೆಗೊಳಿಸಿದವು. ಇಂಥ ಕುಟುಂಬಗಳ ದಾಖಲೆ ಹುಡುಕುವವರು ಹೆಸರುಗಳನ್ನು ಕ್ಲರ್ಕ್ ಕಿವಿಗೆ ಬಿದ್ದಂತೆ ಬರೆದಿರಬಹುದೆಂದು ಊಹಿಸಿ, ಹಲವು ಕಾಗುಣಿತಗಳಲ್ಲಿ, ವಧುವಿನ ಸೂಚಿ ಮತ್ತು ವರನ ಸೂಚಿ ಎರಡರಲ್ಲಿಯೂ ನೋಡಬೇಕು. ಕೌಂಟಿಯ ಗಡಿಗಳು ಬದಲಾಗಿರುವ ಕಡೆ, ಮದುವೆ ನಡೆದ ವರ್ಷದಲ್ಲಿ ಆ ಊರು ಯಾವ ಕೌಂಟಿಗೆ ಸೇರಿತ್ತು ಎಂಬುದನ್ನೂ ತಿಳಿಯಬೇಕು.

ಪೂರ್ಣ ಹುಡುಕಿದ ಮೇಲೂ ಸಿಗದಿದ್ದರೆ, ದಾಖಲೆ ಇಲ್ಲವೆಂಬ ಪತ್ರವನ್ನು ಲಿಖಿತವಾಗಿ ಕೇಳಿ ಪಡೆಯಬಹುದು. ಬೇರೆ ದೇಶದಲ್ಲಿ ಮದುವೆಯಾಗಲು ಅವಿವಾಹಿತರೆಂದು ತೋರಿಸಬೇಕಾದವರೂ ಇದನ್ನು ಪಡೆಯುತ್ತಾರೆ. ಆ ಪತ್ರ ಹೇಳುವುದು ಆ ಕೌಂಟಿಯ, ಅದರಲ್ಲಿ ನಮೂದಿಸಿದ ವರ್ಷಗಳ ಮಾತನ್ನು ಮಾತ್ರ. ಹಲವು ಕೌಂಟಿಗಳಲ್ಲಿ ವಾಸವಿದ್ದವರು ಪ್ರತಿಯೊಂದರಿಂದಲೂ ಪತ್ರ ಪಡೆಯಬೇಕಾಗಬಹುದು, ಮತ್ತು ಅರ್ಜಿಯಲ್ಲಿ ಹುಡುಕಬೇಕಾದ ವರ್ಷಗಳನ್ನು 18 ತುಂಬಿದ ವರ್ಷದಿಂದ ಇಂದಿನವರೆಗೆ ಎಂದು ಸ್ಪಷ್ಟವಾಗಿ ಬರೆಯಬೇಕು.